ಕಿಳ್ಳೇಕ್ಯಾತನ ಪಾತ್ರಕ್ಕೆ ಯಾವ ಮಗುವನ್ನು ಆರಿಸಬೇಕು? ತಿಳಿದವರು ಹೇಳಿ

ಪರದೆಯ ಹಿಂದೆ (ಕೊಪ್ಪಳ):

ಎಲ್ಲರಿಗೂ ನಮಸ್ಕಾರ. ನಾವು ಐದಾರು ಜನ ಸೇರಿ, ಕಡಿಮೆ ಬಂಡವಾಳದಲ್ಲಿ, ಮಕ್ಕಳಿಗಾಗಿ ಒಂದು ಅದ್ಭುತ ಕಥೆಯ ಚಿತ್ರ ಮಾಡಲು ಹೊರಟಿದ್ದೇವೆ. 2025ರಲ್ಲಿ ನಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ, ಚಿಕ್ಕಂದಿನಲ್ಲಿ ನೋಡಿ ಮರೆತೇಬಿಟ್ಟಿದ್ದ ತೊಗಲುಗೊಂಬೆಯಾಟ ಮತ್ತೆ ಕಣ್ಣಮುಂದೆ ಬಂದು, ಈ ಕಥೆ ಹುಟ್ಟಿತು. ಒಬ್ಬ ಅಜ್ಜಿಯ ಮನೆಯ ಅಟ್ಟದಲ್ಲಿ ಬಹಳ ವರ್ಷಗಳಿಂದ ತೆರೆಯದ ಗೊಂಬೆ ಪೆಟ್ಟಿಗೆ ಇರುತ್ತದೆ. ಮಳೆ ಸುರಿಯುವ ಒಂದು ರಾತ್ರಿ ಅದರೊಳಗಿನ ಕಿಳ್ಳೇಕ್ಯಾತನ ಗೊಂಬೆ, ಅಂದರೆ ತೊಗಲುಗೊಂಬೆಯಾಟದಲ್ಲಿ ಜನರನ್ನು ನಗಿಸುವ ತುಂಟ ಗೊಂಬೆ, ಹೊರಬಂದು, ಹತ್ತು ವರ್ಷದ ಮಗುವಿನ ರೂಪ ತಾಳಿ, ಬೆಳಗಾಗುವುದರೊಳಗೆ ಊರನ್ನೇ ತಲೆಕೆಳಗು ಮಾಡುತ್ತದೆ. ಒಬ್ಬರ ಮನೆಯ ಚಪ್ಪಲಿ ಇನ್ನೊಬ್ಬರ ಹೊಸ್ತಿಲಿಗೆ ಹೋಗುತ್ತದೆ, ಗುಡಿಯ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿಕೊಳ್ಳುತ್ತದೆ, ಕುಷ್ಟಗಿಗೆ ಹೋಗುವ ಮೊದಲ ಬಸ್ಸಿಗೆ ಗಂಗಾವತಿಯ ಬೋರ್ಡು ಬೀಳುತ್ತದೆ. ಕಥೆ ಇಷ್ಟೇ ಅಲ್ಲ, ಆದರೆ ಚರ್ಚೆಗೆ ಇಷ್ಟು ಸಾಕು.

ಈ ಪಾತ್ರಕ್ಕಾಗಿ ಮೂರು ದಿನ ಒಂದು ಶಾಲೆಯ ಕೋಣೆಯಲ್ಲಿ ಮಕ್ಕಳನ್ನು ಕರೆಸಿ ನೋಡಿದೆವು. ಕೊನೆಗೆ ಇಬ್ಬರು ಉಳಿದಿದ್ದಾರೆ. ಒಬ್ಬ ಬಳ್ಳಾರಿಯಿಂದ ಬಂದ ಹನ್ನೊಂದು ವರ್ಷದ ಹುಡುಗ. ನೃತ್ಯ ಕಲಿತಿದ್ದಾನೆ, ವೇದಿಕೆಯ ಭಯವಿಲ್ಲ, ಕೊಟ್ಟ ಮಾತನ್ನು ಒಮ್ಮೆ ಓದಿದರೆ ತಪ್ಪಿಲ್ಲದೆ ಒಪ್ಪಿಸುತ್ತಾನೆ. ಕಣ್ಣು ಹೊಡೆಯುವುದು, ನಾಲಿಗೆ ಹೊರಹಾಕುವುದು, ಸೊಂಟ ಕುಣಿಸುವುದು, ಯಾವುದನ್ನು ಕೇಳಿದರೂ ಸಿದ್ಧ. ಹಣ ಹಾಕುವವರಿಗೆ ಅವನೇ ಇಷ್ಟ.

ಇನ್ನೊಬ್ಬಳು ಪಾತ್ರಕ್ಕೆಂದು ಬಂದವಳೇ ಅಲ್ಲ. ಹತ್ತಿರದ ಹಳ್ಳಿಯಿಂದ ಅಣ್ಣನ ಜೊತೆ ಸುಮ್ಮನೆ ಬಂದಿದ್ದ ಒಂಬತ್ತು ವರ್ಷದ ಹುಡುಗಿ. ಮಕ್ಕಳು ನಿಲ್ಲಬೇಕಾದ ಜಾಗಕ್ಕೆ ನಾವು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುಣಾಕಾರದ ಗುರುತು ಹಾಕಿದ್ದೆವು. ಮಧ್ಯಾಹ್ನದ ಹೊತ್ತಿಗೆ ನಮ್ಮ ಕ್ಯಾಮೆರಾದವರಿಗೆ ತಲೆಬಿಸಿಯಾಗತೊಡಗಿತು, ಏಕೆಂದರೆ ಯಾವ ಮಗು ಬಂದು ನಿಂತರೂ ಮುಖ ಮಸುಕಾಗಿ ಕಾಣುತ್ತಿತ್ತು. ಮೂರು ಮಕ್ಕಳು ಹೀಗೆ ಹಾಳಾದ ಮೇಲೆ ಹಿಂದಿನದನ್ನು ಹಾಕಿ ನೋಡಿದೆವು. ಗೋಡೆಗೆ ಒರಗಿ ಕುಳಿತಿದ್ದ ಆ ಹುಡುಗಿ, ಒಂದು ಮಗು ಹೋಗಿ ಇನ್ನೊಂದು ಬರುವ ನಡುವೆ ಎದ್ದು ಬಂದು, ಗುರುತನ್ನು ಹಿಮ್ಮಡಿಯಿಂದ ಒರೆಸಿ, ಒಂದು ಮೊಳ ಆಚೆಗೆ ಥೇಟ್ ಅದೇ ಗುರುತು ಬರೆದು, ಮತ್ತೆ ಹೋಗಿ ಗೋಡೆಗೆ ಒರಗಿದ್ದಳು. ಕೇಳಿದರೆ, "ಅಲ್ಲಿ ಬಿಸಿಲು ಬೀಳಾಕತ್ತಿತ್ರೀ, ಅದಕ್ಕ ಈ ಕಡಿ ಬರದೆ" ಎಂದಳು. ಆ ಕೋಣೆಯಲ್ಲಿ ಬಿಸಿಲು ಬೀಳುವ ಕಿಟಕಿಯೇ ಇರಲಿಲ್ಲ.

ಆದರೆ ಅವಳನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿದಾಗ ಬಾಯಿ ಬಿಡಲಿಲ್ಲ. ಈಗ ಹೇಳಿ, ಯಾರನ್ನು ಆರಿಸಬೇಕು?

ಹಗರಿ ದಂಡೆ (ಬಳ್ಳಾರಿ):

ನಾನು ಮೂವತ್ತು ವರ್ಷ ಹವ್ಯಾಸಿ ರಂಗಭೂಮಿಯಲ್ಲಿ ಕೆಲಸ ಮಾಡಿದವನು, ಹಾಗಾಗಿ ನೇರವಾಗಿ ಹೇಳುತ್ತೇನೆ: ಹುಡುಗನನ್ನು ಆರಿಸಿ. ಆ ಹುಡುಗಿ ಮಾಡಿದ್ದು ಚೇಷ್ಟೆ, ಅಭಿನಯವಲ್ಲ. ಚೇಷ್ಟೆಯನ್ನು ಒಮ್ಮೆ ಮಾಡಿದರೆ ಸಾಕು. ಅಭಿನಯವನ್ನು ಬೆಳಕು ಸರಿಯಿಲ್ಲವೆಂದು ಒಮ್ಮೆ, ನಾಯಿ ಬೊಗಳಿತೆಂದು ಒಮ್ಮೆ, ಎದುರಿನವರು ಮಾತು ಮರೆತರೆಂದು ಒಮ್ಮೆ, ಹೀಗೆ ಹನ್ನೆರಡು ಸಲ ಮಾಡಬೇಕಾಗುತ್ತದೆ.

ನಮ್ಮ ಕಡೆಯ ದೊಡ್ಡಾಟವನ್ನೇ ನೋಡಿ. ರಂಗಕ್ಕೆ ಬರುವ ಪ್ರತಿಯೊಂದು ವೇಷವನ್ನೂ ತಡೆದು "ತಾವು ಯಾರು, ಯಾವ ದೇಶ" ಎಂದು ಕೆಣಕಿ ಮಾತಾಡಿಸುವ ಸಾರಥಿಯ ಕೆಲಸ ನೋಡುವವರಿಗೆ ಬರೀ ತಮಾಷೆಯಂತೆ ಕಾಣುತ್ತದೆ. ಆದರೆ ಇಡೀ ರಾತ್ರಿಯ ಆಟದ ಹಗ್ಗ ಅವನ ಕೈಯಲ್ಲಿರುತ್ತದೆ. ಕುಡಿದು ಬಂದ ರಾಜನ ವೇಷದವನನ್ನೂ, ಪದ ಮರೆತ ಭಾಗವತನನ್ನೂ ನಗಿಸುತ್ತಲೇ ದಾರಿಗೆ ತರುವವನು ಅವನು. ಊರಿನಲ್ಲಿ ಯಾರು ಹೆಚ್ಚು ತಂಟೆಕೋರನೋ ಅವನಿಗೆ ಆ ವೇಷ ಕೊಡುವುದಿಲ್ಲ, ಹತ್ತಾರು ಆಟ ಕಂಡವನಿಗೆ ಕೊಡುತ್ತಾರೆ.

ಮೊಗಸಾಲೆ (ಮಾನ್ವಿ, ರಾಯಚೂರು):

ಹಗರಿ ದಂಡೆಯವರ ಮಾತನ್ನು ಒಪ್ಪುತ್ತಲೇ ಇನ್ನೊಂದು ಕಡೆಯಿಂದ ನೋಡಲು ಇಷ್ಟಪಡುತ್ತೇನೆ. ನಾನು ಜಗನ್ನಾಥದಾಸರ ಊರಿನವಳಾದ್ದರಿಂದ ದಾಸರ ಪದಗಳನ್ನು ಕೇಳುತ್ತಲೇ ಬೆಳೆದವಳು. ದಾಸಸಾಹಿತ್ಯದಲ್ಲಿ ಬಾಲಕೃಷ್ಣನ ತುಂಟತನ ನಮಗೆ ಹೇಗೆ ತಿಳಿಯುತ್ತದೆ ಎಂದು ಒಮ್ಮೆ ಯೋಚಿಸಿ. ಬಹಳ ಪದಗಳಲ್ಲಿ ಕೃಷ್ಣ ಏನನ್ನೂ ಮಾಡುವುದಿಲ್ಲ. ಗೋಪಿಯರು ಯಶೋದೆಯ ಬಾಗಿಲಿಗೆ ಬಂದು, ನಿನ್ನ ಮಗ ಹಾಲು ಚೆಲ್ಲಿದ, ಬೆಣ್ಣೆ ಕದ್ದ, ಕರುವನ್ನು ಬಿಚ್ಚಿಬಿಟ್ಟ ಎಂದು ದೂರು ಹೇಳುತ್ತಾರೆ. ದೂರಿನಲ್ಲೇ ಅವರ ಮುದ್ದು ಸೋರಿಹೋಗುತ್ತದೆ. ಕೃಷ್ಣ ತಾಯಿಯ ಸೆರಗಿನ ಹಿಂದೆ ಏನೂ ಅರಿಯದವನಂತೆ ನಿಂತಿರುತ್ತಾನೆ, ಅಷ್ಟೇ.

ಆದ್ದರಿಂದ ತುಂಟತನ ಮಾಡಿದವನ ಮುಖದಲ್ಲಿ ಕಾಣುವುದಕ್ಕಿಂತ, ಅದಕ್ಕೆ ಸಿಕ್ಕವರ ಮುಖದಲ್ಲಿ ಹೆಚ್ಚು ಕಾಣುತ್ತದೆ ಎಂಬುದು ನನ್ನ ಅನಿಸಿಕೆ. ಅಜ್ಜಿ, ಬಸ್ಸಿನ ಕಂಡಕ್ಟರು, ಪೂಜಾರಿ, ಇವರಿಗೆ ಒಳ್ಳೆಯ ನಟರನ್ನು ಹಾಕಿ. ಮಗು ಏನನ್ನೂ ತೋರಿಸದಿದ್ದರೂ ನಡೆಯುತ್ತದೆ. ಕಣ್ಣು ಹೊಡೆದು, ನಾಲಿಗೆ ಹೊರಹಾಕಿ, "ನಾನು ತುಂಟ, ನೋಡಿ" ಎಂದು ಸಾರುವ ಮಗುವನ್ನು ಹತ್ತು ನಿಮಿಷ ಸಹಿಸಬಹುದು, ಎರಡು ಗಂಟೆ ಕಷ್ಟ.

ಒಗ್ಗರಣಿ ಮಿರ್ಚಿ (ಗಂಗಾವತಿ):

ಇಷ್ಟೆಲ್ಲ ಕಷ್ಟ ಯಾಕೆ? ಆನೆಗೊಂದಿ ಪಕ್ಕದಲ್ಲೇ ಇದೆ, ಅಂಜನಾದ್ರಿಯ 575 ಮೆಟ್ಟಿಲಿವೆ, ಸೂರ್ಯನನ್ನು ಹಣ್ಣೆಂದು ತಿಳಿದು ಹಾರಿದ ಬಾಲ ಆಂಜನೇಯನ ಕಥೆ ಮಾಡಿದರೆ ಹಣವೂ ಸಿಗುತ್ತದೆ, ಜನವೂ ಬರುತ್ತಾರೆ.

ಪರದೆಯ ಹಿಂದೆ (ಕೊಪ್ಪಳ):

ಆ ಯೋಚನೆ ನಮಗೂ ಬಂದಿತ್ತು. ಆದರೆ ತೆರೆಯ ಮೇಲೆ ಬಾಲ ಆಂಜನೇಯ ಬಂದರೆ ಜನ ಕೈ ಮುಗಿಯುತ್ತಾರೆ. ದೇವರು ಏನು ಮಾಡಿದರೂ ಅದು ಲೀಲೆಯಾಗುತ್ತದೆ, ಬೈಯುವಂತಿಲ್ಲ. ಕಿಳ್ಳೇಕ್ಯಾತನಿಗೆ ಬೈಗುಳ ಬೀಳಬೇಕು, ಒಮ್ಮೊಮ್ಮೆ ಪೊರಕೆಯೂ ಬೀಳಬೇಕು.

ಅಟ್ಟದ ಪೆಟ್ಟಿಗೆ (ಕೊಪ್ಪಳ):

ನಮ್ಮ ಅಜ್ಜ ಆಟ ಆಡಿಸುತ್ತಿದ್ದರು, ಈಗ ಮನೆಯಲ್ಲಿ ಯಾರೂ ಆಡಿಸುವುದಿಲ್ಲ. ಮಗುವಿನ ವಿಷಯಕ್ಕೆ ಬರುವ ಮೊದಲು ಎರಡು ಮಾತು ಹೇಳಬೇಕಾಗಿದೆ.

ಕಿಳ್ಳೇಕ್ಯಾತ ಎಂಬುದು ಗೊಂಬೆಯ ಹೆಸರೂ ಹೌದು, ನಮ್ಮ ಜನರನ್ನು ಹೊರಗಿನವರು ಕರೆಯುತ್ತಿದ್ದ ಹೆಸರೂ ಹೌದು. ನಾನು ಶಾಲೆಗೆ ಹೋಗುವಾಗ ಇದೇ ಹೆಸರಿನಿಂದ ಕೆಣಕಿಸಿಕೊಂಡಿದ್ದೇನೆ. ಯಾರಾದರೂ ವಿಕಾರವಾಗಿ ಕಂಡರೆ, ಕೋತಿ ಚೇಷ್ಟೆ ಮಾಡಿದರೆ, "ಥೂ ಕಿಳ್ಳೇಕ್ಯಾತ" ಎನ್ನುವ ಜನ ಇಂದಿಗೂ ಇದ್ದಾರೆ. ನಿಮ್ಮ ಚಿತ್ರ ಗೆದ್ದರೆ ಮರುದಿನವೇ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಆ ಹೆಸರು ಅಂಟಿಕೊಳ್ಳುತ್ತದೆ. ಹೆಸರನ್ನು ಬಿಡಿ ಎಂದು ಹೇಳುತ್ತಿಲ್ಲ. ಆಟ ಆಡಿಸುವ ಹಿರಿಯರನ್ನು ಕೇಳಿ, ಅವರಿಗೆ ಕೂಲಿ ಕೊಟ್ಟು, ಅವರ ಹೆಸರನ್ನು ತೆರೆಯ ಮೇಲೆ ಹಾಕಿ, ಆಮೇಲೆ ಮುಂದುವರಿಯಿರಿ. ಮುಖಕ್ಕೆ ಕಪ್ಪು ಬಳಿಯುವ ಯೋಚನೆ ಇದ್ದರೆ ಅದನ್ನು ಇಂದೇ ಕೈಬಿಡಿ. ಗೊಂಬೆ ಕಪ್ಪಗಿದೆ, ಹೊಟ್ಟೆ ಮುಂದೆ ಬಂದಿದೆ, ಕೂದಲು ಗುಂಗುರಾಗಿದೆ ಎಂಬುದು ನಿಜ. ಅದನ್ನು ಗೊಂಬೆಗೇ ಬಿಡಿ.

ಎರಡನೆಯದು ಅವನ ಸ್ವಭಾವ. ಆಟದಲ್ಲಿ ಗಣಪತಿ, ಸರಸ್ವತಿಯರ ಪೂಜೆಯಾದ ಕೂಡಲೇ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ ಬರುತ್ತಾರೆ. ಅವರ ಮಾತಿನಲ್ಲಿ ಮಕ್ಕಳ ಮುಂದೆ ಹೇಳಬಾರದ್ದೂ ಬಹಳ ಇರುತ್ತದೆ, ಅದನ್ನು ನೀವು ಸೋಸಬೇಕಾಗುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ರಾಮನ ಗೊಂಬೆ ಒಂದೇ ತೊಗಲಿನಲ್ಲಿ ಕೊರೆದದ್ದು, ನಿಂತ ಭಂಗಿಯಲ್ಲೇ ನಿಂತಿರುತ್ತದೆ. ಕಿಳ್ಳೇಕ್ಯಾತನಿಗೆ ಕೈ, ಕಾಲು, ಸೊಂಟ ಎಲ್ಲವನ್ನೂ ಬೇರೆಬೇರೆ ತುಂಡು ಮಾಡಿ ದಾರದಿಂದ ಕಟ್ಟಿದ್ದಾರೆ. ಅಜ್ಜ ಅವನನ್ನು ಆಡಿಸುವಾಗ ಬಹಳ ಹೊತ್ತು ಸುಮ್ಮನೆ ನಿಲ್ಲಿಸುತ್ತಿದ್ದರು. ರಾವಣ ದೊಡ್ಡ ಮಾತು ಆಡುತ್ತಿರುವಾಗ ಮೂಲೆಯಲ್ಲಿ ಇವನ ಒಂದು ಕೈ ಮಾತ್ರ ಮೆಲ್ಲಗೆ ಹೊಟ್ಟೆ ಕೆರೆದುಕೊಳ್ಳುತ್ತಿತ್ತು. ಜನ ನಗುತ್ತಿದ್ದುದು ಆ ಒಂದು ಕೈಗೆ. ಎಲ್ಲ ಅಂಗಗಳನ್ನೂ ಒಟ್ಟಿಗೆ ಕುಣಿಸುವವನು ಹೊಸಬ ಎಂದು ಅಜ್ಜ ಹೇಳುತ್ತಿದ್ದರು.

ಕೋಟೆ ಬಾಗಿಲು (ಬಳ್ಳಾರಿ):

ವಕೀಲಿ ವೃತ್ತಿಯವನಾದ್ದರಿಂದ ನನ್ನ ಮಾತು ನೀರಸವಾಗಿರುತ್ತದೆ, ಆದರೂ ಓದಿ. ಇಬ್ಬರಲ್ಲಿ ಯಾರನ್ನು ಆರಿಸಿದರೂ ಅವರು ಹದಿನಾಲ್ಕು ವರ್ಷದ ಕೆಳಗಿನವರು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮಕ್ಕಳು ಕಲಾವಿದರಾಗಿ ಕೆಲಸ ಮಾಡಲು ಅವಕಾಶ ಕೊಡುತ್ತದೆ, ಆದರೆ 2017ರ ನಿಯಮಗಳ ಷರತ್ತುಗಳು ಬಿಗಿಯಾಗಿವೆ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಗಳ ಅನುಮತಿಯನ್ನು ಮೊದಲೇ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಮಗುವಿನಿಂದ ಕೆಲಸ ಮಾಡಿಸುವಂತಿಲ್ಲ, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ನಿಲ್ಲಿಸುವಂತಿಲ್ಲ, ಸತತವಾಗಿ 27 ದಿನಗಳನ್ನು ಮೀರುವಂತಿಲ್ಲ. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲೇ ನಿಶ್ಚಿತ ಠೇವಣಿ ಇಡಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯುತ ವ್ಯಕ್ತಿಯನ್ನು ನೇಮಿಸಬೇಕು. ಪೋಷಕರ ಒಪ್ಪಿಗೆಯಷ್ಟೇ ಸಾಲದು, ಮಗುವಿನ ಇಚ್ಛೆಗೆ ವಿರುದ್ಧವಾಗಿ ಪಾಲ್ಗೊಳ್ಳುವಂತೆ ಮಾಡಬಾರದು.

ಕೊನೆಯ ಷರತ್ತಿನ ಮೇಲೆ ನಿಮ್ಮ ಗಮನವಿರಲಿ. ಆ ಹುಡುಗಿ ಕ್ಯಾಮೆರಾದ ಮುಂದೆ ಬಾಯಿ ಬಿಡಲಿಲ್ಲ ಎಂದಿರಿ. ಅವಳಿಗೆ ಮನಸ್ಸಿದೆಯೇ ಎಂದು ಯಾರಾದರೂ ಕೇಳಿದಿರಾ? ನಿಮ್ಮ ಕಥೆ ಪೂರ್ತಿ ರಾತ್ರಿಯಲ್ಲಿ ನಡೆಯುತ್ತದೆ ಬೇರೆ. ಮಗುವನ್ನು ರಾತ್ರಿಯೆಲ್ಲ ಎಬ್ಬಿಸಿಡುವ ಬದಲು, ಕಿಟಕಿ ಬಾಗಿಲಿಗೆ ಕಪ್ಪು ಬಟ್ಟೆ ಹೊದಿಸಿ ಹಗಲಲ್ಲೇ ರಾತ್ರಿ ಮಾಡಿಕೊಳ್ಳಿ.

ಹಸಿರು ಪರದೆ (ಸಿಂಧನೂರು, ಈಗ ಬೆಂಗಳೂರು):

ನಾನು ಚಿತ್ರಗಳ ಸಂಕಲನ ಮತ್ತು ಗ್ರಾಫಿಕ್ಸ್ ಕೆಲಸದಲ್ಲಿದ್ದೇನೆ. ಇಂಥ ಕಥೆಯಲ್ಲಿ ಮಗುವಿಗೆ ಬರುವ ದೊಡ್ಡ ಕಷ್ಟ ಮಾತಿನದಲ್ಲ, ನೋಟದ್ದು. ಗೊಂಬೆಯ ನೆರಳು ಗೋಡೆಯ ಮೇಲೆ ಓಡುವುದನ್ನು ನಾವು ಆಮೇಲೆ ಸೇರಿಸುತ್ತೇವೆ, ಚಿತ್ರೀಕರಣದ ದಿನ ಗೋಡೆ ಖಾಲಿ ಇರುತ್ತದೆ. ಕೋಲಿನ ತುದಿಗೆ ಚೆಂಡು ಸಿಕ್ಕಿಸಿ ಹಿಡಿದರೆ ಕಣ್ಣು ಸರಿಯಾದ ಎತ್ತರಕ್ಕೆ ಹೋಗುತ್ತದೆ ನಿಜ, ಆದರೆ ಆ ಕಣ್ಣು ಚೆಂಡನ್ನು ನೋಡುತ್ತಿದೆಯೋ ನೆರಳನ್ನು ನೋಡುತ್ತಿದೆಯೋ ಎಂಬುದು ದೊಡ್ಡ ತೆರೆಯ ಮೇಲೆ ಗೊತ್ತಾಗಿಬಿಡುತ್ತದೆ. ನಿಮ್ಮದು ತೊಗಲುಗೊಂಬೆಯ ಕಥೆಯಾದ್ದರಿಂದ, ಸಾಧ್ಯವಿದ್ದಷ್ಟು ನೆರಳನ್ನು ನಿಜವಾದ ಬಟ್ಟೆ, ನಿಜವಾದ ದೀಪ, ನಿಜವಾದ ಗೊಂಬೆಯಿಂದಲೇ ಮಾಡಿ. ತೊಗಲಿನ ಮೂಲಕ ಹಾದು ಬರುವ ಆ ಕೆಂಪು, ಹಸಿರು ಬೆಳಕನ್ನು ಕಂಪ್ಯೂಟರಿನಲ್ಲಿ ತರಲು ಹೋಗಿ ನಿಮ್ಮ ಹಣ ಮುಗಿಯುತ್ತದೆ.

ವಯಸ್ಸಿನ ಬಗ್ಗೆಯೂ ಯೋಚಿಸಿ. ನಿಮ್ಮಂಥ ಸಣ್ಣ ತಂಡಗಳು ಹಣ ಹೊಂದಿದಂತೆ ಕಂತುಕಂತಾಗಿ ಚಿತ್ರೀಕರಿಸುತ್ತವೆ. ಒಂದೇ ರಾತ್ರಿಯ ಕಥೆಯನ್ನು ಒಂದೂವರೆ ವರ್ಷ ಎಳೆದರೆ, ಹನ್ನೊಂದರ ಹುಡುಗ ಹದಿಮೂರರ ಹತ್ತಿರ ಬರುತ್ತಾನೆ. ದನಿ ಒಡೆದರೂ ಒಡೆಯಬಹುದು, ಮೀಸೆಯ ನೆರಳೂ ಬರಬಹುದು. ಒಂಬತ್ತರ ಹುಡುಗಿಗೆ ಬೇರೆ ತೊಂದರೆ: ಕೋರೆಹಲ್ಲು ಬೀಳುವ ವಯಸ್ಸು ಅದು. ನಾನು ಕೆಲಸ ಮಾಡಿದ ಒಂದು ಚಿತ್ರದಲ್ಲಿ ಮಗು ಬಾಗಿಲು ತೆರೆಯುವಾಗ ಹಲ್ಲಿತ್ತು, ಒಳಗೆ ಕಾಲಿಟ್ಟಾಗ ಇರಲಿಲ್ಲ. ಆ ಹಲ್ಲನ್ನು ಒಂದೊಂದೇ ಚಿತ್ರಿಕೆಯಲ್ಲಿ ಕೂರಿಸುತ್ತ ನಾನು ಹನ್ನೊಂದು ದಿನ ಕಳೆದೆ.

ಇಬ್ಬರನ್ನೂ ಮತ್ತೊಮ್ಮೆ ಕರೆಸಿ. ಮಾತು ಕೊಡಬೇಡಿ, ಮುಖಭಾವ ಕೇಳಬೇಡಿ, ಮಾಡಲು ಒಂದು ಕೆಲಸ ಕೊಡಿ.

ಪರದೆಯ ಹಿಂದೆ (ಕೊಪ್ಪಳ):

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಕೋಟೆ ಬಾಗಿಲು ಅವರು ಕೇಳಿದ ಪ್ರಶ್ನೆಯಿಂದ ನಾಚಿಕೆಯಾಯಿತು, ಏಕೆಂದರೆ ನಾವು ನಿಜಕ್ಕೂ ಕೇಳಿರಲಿಲ್ಲ. ಹಳ್ಳಿಗೆ ಹೋಗಿ, ತಾಯಿಯ ಎದುರಿಗೇ ಹುಡುಗಿಯನ್ನು ಕೇಳಿದೆವು. "ಆ ಡಬ್ಬಿ ನನ್ನ ಕಡಿ ನೋಡಬಾರದ್ರೀ, ನಾನೇ ಅದನ್ನ ನೋಡ್ತೀನಿ" ಎಂದಳು. ಕ್ಯಾಮೆರಾವನ್ನು ಮೊದಲ ಅರ್ಧ ಗಂಟೆ ಅವಳ ಕೈಗೇ ಕೊಟ್ಟೆವು. ಅವಳು ನಮ್ಮ ಸಹಾಯಕರ ಚಪ್ಪಲಿಗಳನ್ನೆಲ್ಲ ಚಿತ್ರೀಕರಿಸಿದಳು.

ಆಮೇಲೆ ಅಜ್ಜಿಯ ಪಾತ್ರಕ್ಕೆ ಒಪ್ಪಿಕೊಂಡಿರುವ ಹಿರಿಯ ನಾಟಕ ಕಲಾವಿದೆಯನ್ನು ಮೊರ ಹಿಡಿದು ಬೆಳ್ಳುಳ್ಳಿ ಸುಲಿಯಲು ಕೂರಿಸಿ, ಇಬ್ಬರು ಮಕ್ಕಳಿಗೂ ಒಂದೇ ಕೆಲಸ ಕೊಟ್ಟೆವು: ಅಜ್ಜಿಗೆ ಗೊತ್ತಾಗದಂತೆ ಒಂದು ಎಸಳು ಕದಿಯಬೇಕು. ಹುಡುಗ ತುದಿಗಾಲಲ್ಲಿ ಬಂದ, ಹುಬ್ಬು ಹಾರಿಸಿದ, ನಮ್ಮ ಕಡೆ ನೋಡಿ ಬೆರಳನ್ನು ತುಟಿಗೆ ಇಟ್ಟುಕೊಂಡ, ಎಸಳು ಎತ್ತಿದ. ಐದು ಸಲ ಮಾಡಿಸಿದರೂ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಹಗರಿ ದಂಡೆಯವರು ಇದನ್ನೇ ಹೇಳಿದ್ದು ಎಂದು ಅರ್ಥವಾಯಿತು, ಅದು ಸಣ್ಣ ವಿದ್ಯೆಯಲ್ಲ.

ಹುಡುಗಿ ಬಂದು ಅಜ್ಜಿಯ ಪಕ್ಕ ಕುಳಿತಳು. ತಾನೂ ಒಂದು ಗಡ್ಡೆ ಎತ್ತಿಕೊಂಡು ಸುಲಿಯತೊಡಗಿದಳು. ಎರಡು ನಿಮಿಷ ಸುಲಿದ ಎಸಳುಗಳನ್ನೆಲ್ಲ ಮೊರಕ್ಕೇ ಹಾಕಿದಳು, ಸಿಪ್ಪೆಯನ್ನು ಊದಿ ಆಚೆ ಹಾರಿಸಿದಳು, ಅಜ್ಜಿಯ ಮಂಡಿಯ ಮೇಲೆ ಬಿದ್ದದ್ದನ್ನು ತೆಗೆದಳು. ನಾವು ಬೇಸತ್ತು ಸಾಕು ಎಂದಾಗ ಎದ್ದು ಬಂದು ಅಂಗೈ ತೆರೆದರೆ ಮೂರು ಎಸಳಿದ್ದವು. ಆ ಕಲಾವಿದೆ, "ಕದೀತಾಳಂತ ಮೊದಲೇ ಹೇಳಿದ್ರಿ, ಆದರೂ ಮರತೇಬಿಟ್ಟೆನಲ್ಲಪ್ಪ" ಎಂದು ನಕ್ಕುಬಿಟ್ಟರು.

ಹಗರಿ ದಂಡೆ (ಬಳ್ಳಾರಿ):

ಬಹಳ ಚೆನ್ನಾಗಿದೆ. ಆದರೆ ಕದ್ದದ್ದು ಕ್ಯಾಮೆರಾಕ್ಕೆ ಸಿಕ್ಕಿತೇ?

ಪರದೆಯ ಹಿಂದೆ (ಕೊಪ್ಪಳ):

ಇಲ್ಲ. ಆರು ಸಲ ತೆಗೆದೆವು, ಆರು ಸಲವೂ ಬೇರೆಬೇರೆ ಹೊತ್ತಿನಲ್ಲಿ ಕದ್ದಳು. ಒಂದು ಸಲ ಮಾತ್ರ ಕೈಯ ಅಂಚು ಕಾಣುತ್ತದೆ.

ಹಗರಿ ದಂಡೆ (ಬಳ್ಳಾರಿ):

ನೋಡಿ, ಅಜ್ಜಿಗೆ ಕಾಣಬಾರದು, ಪ್ರೇಕ್ಷಕರಿಗೆ ಕಾಣಬೇಕು. ನಾಟಕದಲ್ಲಿ ಕಳ್ಳನ ಪಾತ್ರ ಮಾಡುವವನು ಕಲಿಯುವ ಮೊದಲ ಪಾಠ ಇದೇ. ನಿಮ್ಮ ಹುಡುಗಿ ನಿಜವಾದ ಕಳ್ಳಿ, ಅದೇ ತೊಂದರೆ.

ಹಸಿರು ಪರದೆ (ಸಿಂಧನೂರು, ಈಗ ಬೆಂಗಳೂರು):

ಇದಕ್ಕೆ ದಾರಿ ಇದೆ. "ಈಗ ತೆಗೆದುಕೋ" ಎಂದು ನೀವು ಕೂಗಿದರೆ ಅವಳ ಆಟ ಕೆಡುತ್ತದೆ. ಅದರ ಬದಲು ಅವಳ ಆಟಕ್ಕೇ ಒಂದು ನಿಯಮ ಸೇರಿಸಿ: ಅಜ್ಜಿ ಕೆಮ್ಮಿದಾಗ ಮಾತ್ರ ಕದಿಯಬಹುದು, ಬೇರೆ ಹೊತ್ತಿನಲ್ಲಿ ಕದ್ದರೆ ಔಟು. ಕುಂಟಬಿಲ್ಲೆಯಲ್ಲಿ ಗೆರೆ ತುಳಿದರೆ ಔಟು ಎಂಬುದನ್ನು ಯಾವ ಮಗುವಿಗೂ ಎರಡು ಸಲ ಹೇಳಬೇಕಾಗಿಲ್ಲ. ಕ್ಯಾಮೆರಾವನ್ನು ಅಜ್ಜಿಯ ಎದುರಿನಿಂದ ತೆಗೆದು, ಮಗುವಿನ ಬೆನ್ನ ಹಿಂದೆ, ನೆಲಮಟ್ಟದಲ್ಲಿ ಇಡಿ. ಆಗ ಅವಳು ಯಾರಿಂದ ಮುಚ್ಚಿಟ್ಟುಕೊಂಡರೂ ನಮ್ಮಿಂದ ಮುಚ್ಚಿಡಲಾರಳು.

ಮೊಗಸಾಲೆ (ಮಾನ್ವಿ, ರಾಯಚೂರು):

ಕೆಮ್ಮನ್ನು ಅಜ್ಜಿಯ ಕೈಗೆ ಕೊಟ್ಟಿದ್ದು ನನಗೆ ಬಹಳ ಹಿಡಿಸಿತು. ಅಂದರೆ ದೃಶ್ಯದ ಹೊತ್ತನ್ನು ನಡೆಸುವವರು ಅನುಭವಿ ಕಲಾವಿದೆಯೇ ಆದರು. ಹಗರಿ ದಂಡೆಯವರ ಸಾರಥಿ ಮಗುವಿನ ಬದಲು ಅಜ್ಜಿಯ ವೇಷದಲ್ಲಿ ಬಂದಂತಾಯಿತು.

ಪರದೆಯ ಹಿಂದೆ (ಕೊಪ್ಪಳ):

ಮಾಡಿ ನೋಡಿದೆವು. ಐದರಲ್ಲಿ ನಾಲ್ಕು ಸಲ ಕೆಮ್ಮಿಗೆ ಸರಿಯಾಗಿ ಕದ್ದಳು. ಐದನೆಯ ಸಲ ಅಜ್ಜಿ ಕೆಮ್ಮಿದರೂ ಕೈ ಚಾಚಲಿಲ್ಲ. ಯಾಕೆ ಎಂದು ಕೇಳಿದರೆ, ಅಜ್ಜಿ ಸುಳ್ಳು ಕೆಮ್ಮು ಕೆಮ್ಮಿದರು ಎಂದಳು. ಕಲಾವಿದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು, ಆ ಸಲ ತನ್ನ ಗಮನ ಬೇರೆ ಕಡೆ ಇತ್ತು ಎಂದು ಒಪ್ಪಿಕೊಂಡರು.

ಹುಡುಗಿಯನ್ನೇ ಆರಿಸಿದ್ದೇವೆ. ಹಣ ಹಾಕುವವರಿಗೆ ಆ ನಾಲ್ಕು ತುಣುಕುಗಳನ್ನು ತೋರಿಸಿದೆವು. ಪಾತ್ರ ಹುಡುಗನದ್ದಲ್ಲವೇ ಎಂದು ಒಮ್ಮೆ ಕೇಳಿದರು. ಗೊಂಬೆ ಯಾವ ಮಗುವಿನ ರೂಪ ತಾಳಿದರೇನು ಎಂದೆವು, ಮತ್ತೆ ಕೇಳಲಿಲ್ಲ. ಬಳ್ಳಾರಿಯ ಹುಡುಗನನ್ನು ಬಿಟ್ಟಿಲ್ಲ. ಬೋರ್ಡು ಬದಲಾದದ್ದನ್ನು ಮೊದಲು ಕಂಡುಹಿಡಿದು, ಯಾರೂ ನಂಬದೆ ಇಡೀ ಬಸ್ಸಿಗೆ ಕೂಗಿ ಹೇಳುವ ಕಂಡಕ್ಟರ ಮಗನ ಪಾತ್ರವನ್ನು ಅವನಿಗಾಗಿ ದೊಡ್ಡದು ಮಾಡಿ ಬರೆಯುತ್ತಿದ್ದೇವೆ. ಆ ಪಾತ್ರಕ್ಕೆ ಅವನಂಥ ತಪ್ಪದ ನಾಲಿಗೆಯೇ ಬೇಕು.

ಅಟ್ಟದ ಪೆಟ್ಟಿಗೆಯವರೇ, ಹೆಸರಿನ ವಿಷಯವಾಗಿ ಆಟ ಆಡಿಸುವ ಇಬ್ಬರು ಹಿರಿಯರನ್ನು ಕಂಡು ಬಂದೆವು. ಗೊಂಬೆ ಪರದೆಯ ಮೇಲಿರುವಾಗ ಕಿಳ್ಳೇಕ್ಯಾತ ಎಂದು ಕರೆಯಿರಿ, ಮಗುವಿನ ರೂಪ ತಾಳಿದ ಮೇಲೆ ಬೇರೆ ಹೆಸರು ಇಡಿ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಒಪ್ಪಲಿಲ್ಲ, ನಮ್ಮ ಗೊಂಬೆಯ ಹೆಸರಿಗೆ ನಾವೇಕೆ ನಾಚಬೇಕು ಎಂದರು. ಇದು ಇನ್ನೂ ತೀರ್ಮಾನವಾಗಿಲ್ಲ. ನೀವು ಒಮ್ಮೆ ನಮ್ಮ ಜೊತೆ ಬಂದು ಅವರಿಬ್ಬರ ಎದುರು ಕೂರಬಹುದೇ?

ಅಟ್ಟದ ಪೆಟ್ಟಿಗೆ (ಕೊಪ್ಪಳ):

ಬರುತ್ತೇನೆ. ಭಾನುವಾರ ಬೇಡ, ಅಂದು ಮದುವೆ ಇದೆ. ಅಜ್ಜನ ಕಿಳ್ಳೇಕ್ಯಾತನನ್ನೂ ತರುತ್ತೇನೆ, ಹುಡುಗಿ ಒಮ್ಮೆ ಆಡಿಸಿ ನೋಡಲಿ. ಸೊಂಟದ ದಾರ ಹಳೆಯದು, ಜೋಪಾನ.

ಕೋಟೆ ಬಾಗಿಲು (ಬಳ್ಳಾರಿ):

ಅನುಮತಿಯ ಅರ್ಜಿ ಕೊಟ್ಟಿರಾ? ದಸರಾ ರಜೆಯಲ್ಲಿ ಚಿತ್ರೀಕರಣ ಎಂದಾದರೆ ಈಗಲೇ ಕೊಡಬೇಕು. ಏಪ್ರಿಲ್, ಮೇ ತಿಂಗಳಿಗೆ ಮಾತ್ರ ಹಾಕಿಕೊಳ್ಳಬೇಡಿ, ಕಪ್ಪು ಬಟ್ಟೆ ಹೊದಿಸಿದ ಕೋಣೆಯಲ್ಲಿ ನಮ್ಮ ಕಡೆಯ ಬೇಸಿಗೆಯನ್ನು ದೊಡ್ಡವರೇ ತಾಳುವುದಿಲ್ಲ.

ಪರದೆಯ ಹಿಂದೆ (ಕೊಪ್ಪಳ):

ಅರ್ಜಿ ಸಿದ್ಧವಾಗುತ್ತಿದೆ, ದಸರಾ ರಜೆಗೇ ಹೊಂದಿಸಿದ್ದೇವೆ. ಹಸಿರು ಪರದೆಯವರಿಗೆ ಒಂದು ಸುದ್ದಿ: ಮೇಲಿನ ಎಡಗಡೆಯ ಕೋರೆಹಲ್ಲು ಈಗಾಗಲೇ ಅಲುಗಾಡುತ್ತಿದೆ, ನಿನ್ನೆ ಅವಳೇ ಬಾಯಿ ತೆರೆದು ತೋರಿಸಿದಳು. ಮೊದಲು ಯಾವ ದೃಶ್ಯಗಳನ್ನು ಮುಗಿಸಿಕೊಳ್ಳಬೇಕು ಎಂಬುದನ್ನು ದಯವಿಟ್ಟು ಬರೆದು ತಿಳಿಸಿ.